ಜೋತುಬಿದ್ದ ರಿಂಗು: ಕಾಲೇಜು ಕೋರ್ಟಿನ ಬ್ಯಾಸ್ಕೆಟ್‌ಬಾಲ್ ಕಂಬದ ದುರಸ್ತಿ

ಬಯಲಿನಲ್ಲಿರುವ ಕಾಲೇಜು ಕೋರ್ಟು. ಒಂದು ತುದಿಯ ಕಂಬ 150 ಎನ್‌ಬಿ (ಪೈಪಿನ ಒಳವ್ಯಾಸದ ಅಂದಾಜು ಅಳತೆ, ಮಿ.ಮೀ.ನಲ್ಲಿ) ಕಬ್ಬಿಣದ ಪೈಪು. ಅದರ ತಲೆಯಿಂದ ಮುಂದಕ್ಕೆ ಚಾಚಿದ ಎರಡು ತೋಳು, ತುದಿಗೆ ಪ್ಲೈವುಡ್ ಬೋರ್ಡು, ಬೋರ್ಡಿಗೇ ನಾಲ್ಕು ಬೋಲ್ಟಿನಲ್ಲಿ ಬಿಗಿದ ರಿಂಗು. ರಿಂಗು ಮುಂದಕ್ಕೆ ಬಾಗಿದೆ, ಬೋರ್ಡಿಗೆ ಬಡಿದ ಚೆಂಡು ಪುಟಿಯದೆ ಸತ್ತು ಕೆಳಗೆ ಬೀಳುತ್ತಿದೆ ಎಂಬುದು ದೂರು. ರಿಂಗನ್ನು ಮೇಲಕ್ಕೆ ಬಡಿದು ಬೋಲ್ಟು ಬಿಗಿಮಾಡಿಬಿಡಿ ಎನ್ನುವುದು ಮೈದಾನದಲ್ಲಿ ಎಲ್ಲರೂ ಕೊಡುವ ಸಲಹೆ. ಹಾಗೆ ಮಾಡಿದ್ದು ಒಂದು ಸೆಮಿಸ್ಟರೂ ಬಾಳುವುದಿಲ್ಲ. ರಿಂಗಿನ ಭಾರವೆಲ್ಲ ಬೋರ್ಡಿನ ಮೇಲೆ ಬೀಳುವಂತೆ ಕಟ್ಟಿರುವವರೆಗೆ ರಿಂಗು ಮತ್ತೆ ಜೋಲುತ್ತದೆ, ಬೋರ್ಡು ಮತ್ತೆ ಪುಡಿಯಾಗುತ್ತದೆ.

ಬಿಚ್ಚುವ ಮೊದಲು ಅಳತೆ

ಸ್ಪ್ಯಾನರ್ ಹಿಡಿಯುವ ಮೊದಲು ತೂಗುಗುಂಡು, ರಸಮಟ್ಟ, ಟೇಪು ಹಿಡಿಯಬೇಕು. ಎತ್ತರವನ್ನು ಕಂಬದ ಬುಡದಿಂದ ಅಳೆಯುವುದು ಎಲ್ಲೆಡೆ ಕಾಣುವ ತಪ್ಪು. ಬಯಲಿನ ಕೋರ್ಟಿಗೆ ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದರ ಇಳಿಜಾರಿದ್ದರೂ ಕಂಬದಿಂದ ಎರಡೂವರೆ ಮೀಟರ್ ಮುಂದೆ 25 ಮಿ.ಮೀ. ಹೆಚ್ಚುಕಡಿಮೆ ಆಗುತ್ತದೆ. ರಿಂಗಿನ ನಡುವಿನಿಂದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದ ಜಾಗದಿಂದಲೇ ಅಳೆಯಬೇಕು. ಅಲ್ಲಿಂದ ರಿಂಗಿನ ಮೇಲ್ಮೈಗೆ 3050 ಮಿ.ಮೀ. ಇರಬೇಕು, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ ಬಿಟ್ಟುಕೊಡುವುದು ಅತ್ತಿತ್ತ 6 ಮಿ.ಮೀ. ಮಾತ್ರ.

ಇಲ್ಲಿ ಸಿಕ್ಕಿದ ಅಳತೆ: ರಿಂಗಿನ ಹಿಂಬದಿ 3041, ಮುಂಬದಿ 3006. ಅಂದರೆ 35 ಮಿ.ಮೀ. ಇಳಿತ. ಈ 35 ಎಲ್ಲಿಂದ ಬಂತು ಎಂದು ಬಿಡಿಸಿ ನೋಡುವುದೇ ಮುಖ್ಯ ಕೆಲಸ, ಯಾಕೆಂದರೆ ಕಂಬ, ತೋಳು, ರಿಂಗನ್ನು ಬೋರ್ಡಿಗೆ ಬಿಗಿಯುವ ಪ್ಲೇಟು, ಆ ಪ್ಲೇಟಿಗೂ ರಿಂಗಿಗೂ ನಡುವಿನ ಕುತ್ತಿಗೆ, ಈ ನಾಲ್ಕರಲ್ಲಿ ಯಾವುದು ಬಾಗಿದರೂ ಕೆಳಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತದೆ.

ಮೊದಲು ಬೋರ್ಡಿನ ಮುಖಕ್ಕೆ ಗುಂಡು ಇಳಿಬಿಟ್ಟರೆ ಮೇಲಂಚು 12 ಮಿ.ಮೀ. ಮುಂದಕ್ಕೆ ವಾಲಿತ್ತು. 1050 ಮಿ.ಮೀ. ಎತ್ತರಕ್ಕೆ 12 ಎಂದರೆ ರಿಂಗಿನ ಹಿಂದುಮುಂದಿನ 470 ಮಿ.ಮೀ.ಗೆ ಸುಮಾರು 5. ಆಮೇಲೆ ರಿಂಗಿನ ಪ್ಲೇಟಿನ ಹಿಂದೆ ಹ್ಯಾಕ್ಸಾ ಬ್ಲೇಡು ತೂರಿಸಿ ನೋಡಿದಾಗ ಮೇಲಂಚಿನಲ್ಲಿ 4 ಮಿ.ಮೀ. ಸಂದು, ಕೆಳಅಂಚು ಪ್ಲೈವುಡ್‌ನೊಳಕ್ಕೆ 3 ಮಿ.ಮೀ. ಕಚ್ಚಿಕೊಂಡಿತ್ತು. 150 ಮಿ.ಮೀ. ಎತ್ತರದ ಪ್ಲೇಟು ಒಟ್ಟು 7 ಮಿ.ಮೀ. ತಿರುಗಿದರೆ ರಿಂಗಿನುದ್ದಕ್ಕೆ 22 ಮಿ.ಮೀ. ಇಳಿತ. ಉಳಿದ 8 ರಿಂಗಿನ ಕುತ್ತಿಗೆ ಬಾಗಿದ್ದು. ಬಡಿದು ನೆಟ್ಟಗೆ ಮಾಡಬಹುದಾಗಿದ್ದುದು ಆ 8 ಮಿ.ಮೀ. ಮಾತ್ರ.

ಕಂಬ ಹೆಚ್ಚೇನೂ ವಾಲಿರಲಿಲ್ಲ, 2 ಮೀಟರಿಗೆ 3 ಮಿ.ಮೀ. ಹಾಗಾಗಿ ಬೋರ್ಡಿನ ವಾಲಿಕೆಯ ಬಹುಪಾಲು ತೋಳಿನದ್ದು. ತೋಳಿನ ಕೆಳಗಿನ ಓರೆ ಆಸರೆ ಕಂಬಕ್ಕೆ ಸೇರುವಲ್ಲಿ ವೆಲ್ಡಿಂಗ್ ಅಂಚಿನುದ್ದಕ್ಕೂ ಬಿರುಕು ಬಿಟ್ಟಿತ್ತು. ಬಣ್ಣದಡಿ ಬಿರುಕು ಕಣ್ಣಿಗೆ ಬೀಳದು. ವೆಲ್ಡಿನ ಗೆರೆಗುಂಟ ತುಕ್ಕಿನ ನೀರು ಇಳಿದ ಕಂದು ಗುರುತು ಕಂಡರೆ ಅಲ್ಲಿ ಬಣ್ಣ ಕೆರೆದು ನೋಡಿ.

ಒಂದು ಎಚ್ಚರಿಕೆ. ಹಳೆಯ ಕೋರ್ಟುಗಳಲ್ಲಿ 1800 ಅಗಲ, 1200 ಎತ್ತರದ ಬೋರ್ಡು ಇನ್ನೂ ಇವೆ. ಅದು ಹಿಂದಿನ ನಿಯಮದ್ದು, ಕೆಳಅಂಚು ನೆಲದಿಂದ 2750. ಈಗಿನದು 1800 ಅಗಲ, 1050 ಎತ್ತರ, ಕೆಳಅಂಚು 2900. ಎರಡರಲ್ಲೂ ರಿಂಗು 3050ರಲ್ಲೇ. ಹಳೆ ಬೋರ್ಡಿನ ತೂತುಗಳನ್ನು ಹೊಸ ಬೋರ್ಡಿಗೆ ಹಾಗೇ ಗುರುತು ಹಾಕಿಕೊಂಡರೆ ರಿಂಗು ತಪ್ಪು ಎತ್ತರದಲ್ಲಿ ಕೂರುತ್ತದೆ.

ಪ್ಲೈವುಡ್ ಯಾಕೆ ಸೋಲುತ್ತದೆ

80 ಕೆ.ಜಿ. ತೂಕದ ಆಟಗಾರ ರಿಂಗಿನ ಮುಂಬದಿಗೆ ಜೋತುಬಿದ್ದ ಎನ್ನಿ. ಬೋರ್ಡಿನಿಂದ ಅಲ್ಲಿಗೆ ಸುಮಾರು 615 ಮಿ.ಮೀ. ತಿರುಚುವ ಬಲ 80 × 0.615, ಅಂದರೆ 49 ಕೆ.ಜಿ.-ಮೀಟರ್. ಪ್ಲೇಟು ತನ್ನ ಕೆಳಅಂಚಿನ ಮೇಲೆ ತಿರುಗಲು ನೋಡುತ್ತದೆ; ಮೇಲಿನ ಸಾಲಿನ ಬೋಲ್ಟುಗಳು ಆ ಅಂಚಿನಿಂದ 125 ಮಿ.ಮೀ. ಎತ್ತರದಲ್ಲಿವೆ. 49ನ್ನು 0.125ರಿಂದ ಭಾಗಿಸಿದರೆ 390 ಕೆ.ಜಿ. ಎಳೆತ, ಬೋಲ್ಟೊಂದಕ್ಕೆ 195. ಅಷ್ಟೇ ಒತ್ತಡ ಕೆಳಅಂಚಿನಲ್ಲಿ ಪ್ಲೈವುಡ್ಡನ್ನು ಅಮುಕುತ್ತದೆ. ಇದು ಸುಮ್ಮನೆ ತೂಗಾಡಿದರೆ. ನೆಗೆದು ಹಿಡಿದರೆ ಎರಡರಷ್ಟು ಅಂತಲೇ ಲೆಕ್ಕ ಹಾಕಬೇಕು. ಬೋಲ್ಟು ಇದನ್ನು ತಡೆಯುತ್ತದೆ. ಬೋಲ್ಟಿನ ತೂತಿನೊಳಕ್ಕೆ ಮಳೆನೀರು ಇಳಿದು ಪದರ ಬಿಟ್ಟ ಪ್ಲೈವುಡ್ ತಡೆಯುವುದಿಲ್ಲ.

ಅದಕ್ಕೇ ಫಿಬಾ ನಿಯಮ, ರಿಂಗನ್ನು ಹಿಂದಿನ ಚೌಕಟ್ಟಿಗೆ ನೇರವಾಗಿ ಬಿಗಿಯಬೇಕು, ರಿಂಗಿನ ಬಲ ಬೋರ್ಡಿಗೆ ತಗಲಬಾರದು, ರಿಂಗಿನ ಪ್ಲೇಟು ಬೋರ್ಡನ್ನು ಮುಟ್ಟಲೂ ಬಾರದು ಎನ್ನುತ್ತದೆ. ಈ ದುರಸ್ತಿಯ ಉಳಿದದ್ದೆಲ್ಲ ಈ ಒಂದು ಮಾತನ್ನು ಪಾಲಿಸುವುದಕ್ಕೆ.

ಸ್ಪ್ರಿಂಗ್ ರಿಂಗ್ ಹಾಕಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರ ಹುಟ್ಟೂ ಕಾಲೇಜು ಆಟದ ನೆರಳಿನಲ್ಲೇ. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ 1967ರಿಂದ 1976ರವರೆಗೆ ಡಂಕ್ ಮಾಡುವುದನ್ನೇ, ಅಂದರೆ ನೆಗೆದು ಚೆಂಡನ್ನು ಮೇಲಿನಿಂದ ರಿಂಗಿನೊಳಕ್ಕೆ ತುರುಕುವುದನ್ನೇ ನಿಷೇಧಿಸಿತ್ತು. ನಿಷೇಧ ತೆಗೆದ ಮೇಲೆ ರಿಂಗು, ಗಾಜಿನ ಬೋರ್ಡು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಎದ್ದಿತು. ಇಲಿನಾಯ್ ರಾಜ್ಯದಲ್ಲಿ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಎಹ್ರಾಟ್, ಹೊಲ ಉಳುವ ಜಾನ್ ಡೀರ್ ಕಲ್ಟಿವೇಟರಿನ ಸ್ಪ್ರಿಂಗನ್ನು ರಿಂಗಿನ ಕುತ್ತಿಗೆಗೆ ಕೂಡಿಸಿ, ಜಗ್ಗಿದರೆ ಬಾಗಿ ಬಿಟ್ಟರೆ ಮರಳುವ ರಿಂಗು ಮಾಡಿದರು. 1982ರಲ್ಲಿ ಪೇಟೆಂಟ್ ಸಿಕ್ಕಿತು. ಈಗಿನ ಫಿಬಾ ಅಳತೆಯಲ್ಲಿ ಅಂಥ ರಿಂಗು ಮುಂಬದಿಯಲ್ಲಿ 82ರಿಂದ 105 ಕೆ.ಜಿ. ಭಾರ ಬಿದ್ದಾಗ ಬಾಗಬೇಕು. 10 ಡಿಗ್ರಿಗಿಂತ ಕಡಿಮೆ ಅಲ್ಲ, 30ಕ್ಕಿಂತ ಹೆಚ್ಚಲ್ಲ. ಒಳಾಂಗಣಕ್ಕೆ ಒಳ್ಳೆಯದು. ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ, ಗ್ರೀಸ್ ಹಚ್ಚಲು ಯಾರೂ ಇಲ್ಲದ ಕೋರ್ಟಿಗೆ ಬೇಡ. ಸ್ಪ್ರಿಂಗು ತುಕ್ಕು ಹಿಡಿದು ಬಾಗಿದಲ್ಲೇ ನಿಂತರೆ ಗಟ್ಟಿ ರಿಂಗಿಗಿಂತ ಕಡೆ. ಇಲ್ಲಿ ಹಾಕಿದ್ದು ಗಟ್ಟಿ ರಿಂಗು.

ಬಿಚ್ಚುವುದು

ರಿಂಗು, ಬೋರ್ಡು, ಚೌಕಟ್ಟು ಸೇರಿ ಸುಮಾರು 65 ಕೆ.ಜಿ. ಬೋರ್ಡಿಗೇ ಏಣಿ ಒರಗಿಸಿ ಅದರ ಬೋಲ್ಟು ಬಿಚ್ಚುವ ಧೈರ್ಯ ಮಾಡಬೇಡಿ. ಎರಡು ಕಡೆ ಸ್ಕ್ಯಾಫೋಲ್ಡಿಂಗ್ ನಿಲ್ಲಿಸಿ, ತೋಳಿಗೆ ಚೈನ್ ಪುಲ್ಲಿ ಕಟ್ಟಿ, ಮೊದಲು ರಿಂಗು, ಆಮೇಲೆ ಚೌಕಟ್ಟಿನ ಸಮೇತ ಬೋರ್ಡು ಇಳಿಸಬೇಕು. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ದಿನವೇ ರಸ್ಟ್ ಸ್ಪ್ರೇ ಹೊಡೆದಿಡಿ. ಬರದಿದ್ದರೆ ಗ್ರೈಂಡರಿನಲ್ಲಿ ಕತ್ತರಿಸಿ. ಹಳೆ ಬೋಲ್ಟನ್ನು ಮತ್ತೆ ಬಳಸುವಂತಿಲ್ಲ, ಉಳಿಸಲು ಒದ್ದಾಡಿ ಫಲವಿಲ್ಲ.

ಭಾರ ಇಳಿದ ಕೂಡಲೇ ತೋಳಿನ ತುದಿ 6 ಮಿ.ಮೀ. ಮೇಲೆದ್ದಿತು. ಈ ಅಂಕಿ ಬರೆದಿಟ್ಟುಕೊಳ್ಳಿ. ಬರೀ ತೋಳಿಗೆ ಮಟ್ಟ ಹಿಡಿದು ಎತ್ತರ ನಿಗದಿ ಮಾಡಿದರೆ ಬೋರ್ಡು ಏರಿಸಿದ ಮೇಲೆ ಅಷ್ಟು ತಗ್ಗುತ್ತದೆ.

ಬುಡದ ತುಕ್ಕು

ಬೋರ್ಡು ಕೆಳಗಿರುವಾಗಲೇ ಬುಡದ ಕೆಲಸ ಮುಗಿಸಬೇಕು. ಸವೆದ ಪೈಪಿಗೆ ಮೇಲೆ ಭಾರ ಇಟ್ಟುಕೊಂಡೇ ವೆಲ್ಡಿಂಗ್ ಕಾವು ಕೊಟ್ಟರೆ ಅಲ್ಲೇ ಮಡಿಚಿಕೊಳ್ಳಬಹುದು.

ಕಂಬ ತುಕ್ಕು ಹಿಡಿಯುವುದು ಕಾಂಕ್ರೀಟು ಮುಗಿದು ಗಾಳಿ ಶುರುವಾಗುವ ಗೆರೆಯಲ್ಲಿ. ಕಾಂಕ್ರೀಟಿನ ಕ್ಷಾರದೊಳಗೆ ಹುದುಗಿದ ಉಕ್ಕು ಚೆನ್ನಾಗೇ ಇರುತ್ತದೆ. ಚಿಪ್ಪಿಂಗ್ ಸುತ್ತಿಗೆಯಿಂದ ಚಕ್ಕೆ ಉದುರಿಸಿ, 3 ಮಿ.ಮೀ. ತೂತು ಕೊರೆದು, ತುದಿ ಬಾಗಿಸಿದ ತಂತಿ ತೂರಿಸಿ ದಪ್ಪ ಅಳೆದೆವು. ಮಧ್ಯಮ ದರ್ಜೆಯ 150 ಎನ್‌ಬಿ ಪೈಪಿನ ಹೊರವ್ಯಾಸ 165.1, ದಪ್ಪ 4.85 ಮಿ.ಮೀ. ನೆಲದ ಗೆರೆಯಲ್ಲಿ ಉಳಿದಿದ್ದು 2.6. ಕಾಂಕ್ರೀಟು ಕೆತ್ತಿ 150 ಮಿ.ಮೀ. ಕೆಳಗೆ ನೋಡಿದರೆ 4.6. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಕಂಬವನ್ನೇ ಬದಲಿಸುವುದು ಕ್ಷೇಮ. ಇದಕ್ಕೆ ಹೊರಕವಚ ಸಾಕು.

ತೂತು ಕೊರೆದಾಗ ಒಳಗಿನಿಂದ ಕಂದು ನೀರು ಹರಿಯಿತು. ಕಂಬದ ತಲೆಯ ಮುಚ್ಚಳ ಎಂದೋ ಹೋಗಿತ್ತು, ಮಳೆನೀರು ಪೈಪಿನೊಳಗೇ ನಿಲ್ಲುತ್ತಿತ್ತು. ಹೊರಗೆ ವರ್ಷಕ್ಕೊಂದು ಬಾರಿ ಬಣ್ಣ ಬಳಿದು ಏನು ಪ್ರಯೋಜನ?

ಕವಚಕ್ಕೆ 6 ಮಿ.ಮೀ. ತಗಡನ್ನು ಎರಡು ಅರೆ ಸುತ್ತಾಗಿ ಬಾಗಿಸಿದ್ದು. ಒಂದೊಂದರ ಅಗಲ 270, ಎತ್ತರ 400 ಮಿ.ಮೀ.; ನೆಲದಡಿ 150, ಮೇಲೆ 250. ಎರಡೂ ಅಂಚು ಗಟ್ಟಿ ಲೋಹದ ಮೇಲೆ ಕೂರಬೇಕು ಎಂಬುದೇ ಈ ಎತ್ತರಕ್ಕೆ ಕಾರಣ. ನಿಂತ ಜೋಡಣೆ ಎರಡು, ಮೇಲೆ ಕೆಳಗೆ ಸುತ್ತಲೂ ಒಂದೊಂದು ವೆಲ್ಡು, ಜೊತೆಗೆ ಕವಚದಲ್ಲಿ 20 ಮಿ.ಮೀ.ನ ನಾಲ್ಕು ತೂತು ಮಾಡಿ ಅವನ್ನು ವೆಲ್ಡಿನಿಂದ ತುಂಬಿದ್ದು. 3.15 ಮಿ.ಮೀ.ನ 6013 ದರ್ಜೆಯ ವೆಲ್ಡಿಂಗ್ ರಾಡು. ಒಂದೇ ಬದಿಯಲ್ಲಿ ಸುತ್ತಿ ಬರಬಾರದು: ಒಂದು ಕಡೆ 50 ಮಿ.ಮೀ., ಆಮೇಲೆ ಎದುರು ಕಡೆ 50. ಇಲ್ಲದಿದ್ದರೆ ವೆಲ್ಡು ತಣಿಯುತ್ತ ಕಂಬವನ್ನು ತನ್ನತ್ತ ಎಳೆಯುತ್ತದೆ. ಪೈಪು ಜಿಐ (ಸತು ಲೇಪಿಸಿದ್ದು) ಆಗಿದ್ದರೆ ವೆಲ್ಡಿನ ಸುತ್ತ 50 ಮಿ.ಮೀ. ಸತು ಪೂರ್ತಿ ಉಜ್ಜಿ ತೆಗೆಯಿರಿ. ಸತುವಿನ ಹೊಗೆ ಕುಡಿದರೆ ಸಂಜೆ ಚಳಿಜ್ವರ ಗ್ಯಾರಂಟಿ, ವೆಲ್ಡೂ ತೂತುತೂತು.

ಪೈಪಿನ ತಲೆಯಿಂದ ತೆಳು ಸಿಮೆಂಟು ಗಾರೆ ಸುರಿದು, ಒಳಭಾಗವನ್ನು ನೆಲದಿಂದ 60 ಮಿ.ಮೀ. ಮೇಲಿನವರೆಗೆ ತುಂಬಿದೆವು. ಆ ಮಟ್ಟದಲ್ಲಿ ಕವಚ, ಪೈಪು ಎರಡಕ್ಕೂ 10 ಮಿ.ಮೀ. ತೂತು, ಮುಂದೆ ನೀರು ಸೇರಿದರೂ ಅಲ್ಲಿಂದ ಹೊರಗೆ. ತಲೆಗೆ 5 ಮಿ.ಮೀ. ತಗಡಿನ ಮುಚ್ಚಳ, ಸಂದಿಲ್ಲದೆ ವೆಲ್ಡು. ಬುಡದ ಸುತ್ತ 450 ಮಿ.ಮೀ. ಚೌಕದ ಕಾಂಕ್ರೀಟು ಪಟ್ಟಿ, 1 ಸಿಮೆಂಟಿಗೆ 1.5 ಮರಳು, 3 ಜಲ್ಲಿ. 150 ಮಿ.ಮೀ. ಆಳ, ನೆಲದಿಂದ 50 ಮೇಲಕ್ಕೆ. ಸುಮಾರು 15 ಕೆ.ಜಿ. ಸಿಮೆಂಟು ಹಿಡಿಯಿತು. ಮೇಲ್ಮೈ ಹೊರಕ್ಕೆ ಇಳಿಜಾರಾಗಿರಬೇಕು. ಬಟ್ಟಲಿನಂತೆ ಒಳಕ್ಕೆ ತಗ್ಗಾಗಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಏಳು ದಿನ ಗೋಣಿಚೀಲ ಸುತ್ತಿ ನೀರುಣಿಸಿ, ಒಣಗಿದ ಮೇಲೆ ಉಕ್ಕು-ಕಾಂಕ್ರೀಟಿನ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್.

ತೋಳು, ಚೌಕಟ್ಟು

ಬಿರುಕಿನ ಮೇಲೆ ಹೊಸ ವೆಲ್ಡು ಮೆತ್ತಿದರೆ ಬಿರುಕು ಅಡಿಯಲ್ಲೇ ಉಳಿಯುತ್ತದೆ. ಎರಡೂ ಕೊನೆಗೆ 5 ಮಿ.ಮೀ. ತೂತು ಕೊರೆದು, ನಡುವಿನದನ್ನು ಗ್ರೈಂಡರಿನಲ್ಲಿ ಪೂರ್ತಿ ತೆಗೆದು, ತೋಳಿನ ತುದಿಯನ್ನು ಜಾಕಿಯಿಂದ ಬಿಚ್ಚಿದ ಮಟ್ಟಕ್ಕಿಂತ 20 ಮಿ.ಮೀ. ಎತ್ತಿ ಹಿಡಿದು ವೆಲ್ಡು ಮಾಡಿದ್ದು. ಲೆಕ್ಕ ಸರಳ. ಬೋರ್ಡಿನ 1050 ಎತ್ತರಕ್ಕೆ ತೋಳಿನಿಂದ ಬಂದ ವಾಲಿಕೆ ಸುಮಾರು 10 ಮಿ.ಮೀ., ತೋಳಿನುದ್ದ 2200; ಅದೇ ಅನುಪಾತದಲ್ಲಿ ತೋಳಿನ ತುದಿಗೆ ಸುಮಾರು 20. ಮೂಲೆಗೆ 8 ಮಿ.ಮೀ. ತಗಡಿನ, 150 ಮಿ.ಮೀ. ಬದಿಯ ತ್ರಿಕೋನ ಎರಡೂ ಕಡೆ.

ಚೌಕಟ್ಟಿಗೆ 40×40×5 ಆಂಗಲ್, ಸುತ್ತಳತೆ 5.7 ಮೀಟರ್, ತೂಕ ಸುಮಾರು 17 ಕೆ.ಜಿ. ನಡುವೆ 50×50×6ರ ಎರಡು ನಿಂತ ಆಂಗಲ್. ಅವುಗಳಿಗೆ 10 ಮಿ.ಮೀ. ದಪ್ಪದ ತಗಡು ವೆಲ್ಡು ಮಾಡಿ, ಅದರ ಬೆನ್ನಿಗೆ ತೋಳುಗಳು. ರಿಂಗು ಕೂರುವುದು ಈ ತಗಡಿನ ಮೇಲೆ. ಚೌಕಟ್ಟನ್ನು ತೋಳಿಗೆ ಬಿಗಿಯುವ ತೂತುಗಳನ್ನು 40 ಮಿ.ಮೀ. ಉದ್ದದ ಸೀಳುಗಳಾಗಿ ಮಾಡಿಸಿ. ಎತ್ತರದ ಕೊನೆಯ ಹೊಂದಾಣಿಕೆ ಆಗುವುದು ಅಲ್ಲೇ.

ರಿಂಗು

ಒಳವ್ಯಾಸ 450ರಿಂದ 459, ಕಂಬಿಯ ದಪ್ಪ 16ರಿಂದ 20 ಮಿ.ಮೀ. ಎಂಬುದು ನಿಯಮ. 20 ಮಿ.ಮೀ. ನುಣುಪು ಎಂಎಸ್ (ಮೆದು ಉಕ್ಕಿನ) ರಾಡು, ಒಳವ್ಯಾಸ 453 ಎಂದಿಟ್ಟುಕೊಂಡರೆ ನಡುಗೆರೆಯ ಸುತ್ತಳತೆ 1486 ಮಿ.ಮೀ. ರಾಡನ್ನು ಅಷ್ಟಕ್ಕೇ ಕತ್ತರಿಸಿ ರೋಲರಿಗೆ ಕೊಟ್ಟರೆ ಎರಡೂ ತುದಿ ಒಂದಿಷ್ಟು ನೇರವಾಗೇ ಉಳಿದು ರಿಂಗು ಮೊಟ್ಟೆಯಾಕಾರ ತಾಳುತ್ತದೆ. ಎರಡೂ ಕಡೆ 120 ಮಿ.ಮೀ. ಹೆಚ್ಚು ಇಟ್ಟು, ಬಾಗಿಸಿದ ಮೇಲೆ ಕತ್ತರಿಸಬೇಕು. ಜೋಡಣೆಯ ವೆಲ್ಡು ಹಿಂಬದಿಗೆ, ಪ್ಲೇಟಿನ ಕಡೆ ಬರಲಿ. ಕಟ್ಟಡದ ಟಿಎಂಟಿ ಕಂಬಿ ಮಾತ್ರ ಬೇಡ. ಅದರ ಗೀರುಗಳು ನೆಟ್ಟನ್ನೂ ಬೆರಳನ್ನೂ ಕೊಯ್ಯುತ್ತವೆ.

ಪ್ಲೇಟು 180 ಅಗಲ, 150 ಎತ್ತರ, 10 ದಪ್ಪ. ಅದರ ಕೆಳಅಂಚಿನಿಂದ 100 ಮಿ.ಮೀ. ಎತ್ತರಕ್ಕೆ ರಿಂಗಿನ ಮೇಲ್ಮೈ. ಕುತ್ತಿಗೆಯಡಿ 8 ಮಿ.ಮೀ.ನ ಎರಡು ತ್ರಿಕೋನ ಆಸರೆ. ಬೋರ್ಡಿನ ಮುಖದಿಂದ ರಿಂಗಿನ ಹತ್ತಿರದ ಒಳಅಂಚಿಗೆ 151 ಮಿ.ಮೀ. ಬೇಕು. ಪ್ಲೇಟು ಬೋರ್ಡಿನಿಂದ 3 ಮಿ.ಮೀ. ದೂರ ನಿಲ್ಲುತ್ತದೆ, ಪ್ಲೇಟಿನ ದಪ್ಪ 10. ಹಾಗಾಗಿ ಪ್ಲೇಟಿನ ಮುಂಬದಿಯಿಂದ ಒಳಅಂಚಿಗೆ 138 ಇಟ್ಟು ವೆಲ್ಡು ಮಾಡಿಸಬೇಕು. ವೆಲ್ಡಿಂಗ್ ಶಾಪಿನವರಿಗೆ 151 ಎಂದಷ್ಟೇ ಹೇಳಿ ಬಂದರೆ ರಿಂಗು 13 ಮಿ.ಮೀ. ಮುಂದೆ ಹೋಗುತ್ತದೆ, ಬೋರ್ಡಿಗೆ ಬಡಿಸಿ ಹಾಕುವ ಲೇ-ಅಪ್‌ಗಳೆಲ್ಲ ರಿಂಗಿನ ಹಿಂಬದಿಗೆ ಬಡಿಯುತ್ತವೆ.

ನೆಟ್ ಕಟ್ಟಲು 12 ಕೊಂಡಿ, ಸುಮಾರು 124 ಮಿ.ಮೀ.ಗೆ ಒಂದು. ಕೊಂಡಿಯ ಸಂದು 8 ಮಿ.ಮೀ.ಗಿಂತ ಕಡಿಮೆ ಇರಲಿ, ಬೆರಳು ಸಿಕ್ಕಿಕೊಂಡರೆ ಉಂಗುರವೇನು, ಬೆರಳೇ ಹೋಗುತ್ತದೆ.

ಬೋರ್ಡು

ಭಾರತೀಯ ಮಾನಕ ಐಎಸ್ 710 ದರ್ಜೆಯ, ನೀರು ತಡೆಯುವ 19 ಮಿ.ಮೀ. ಮೆರೈನ್ ಪ್ಲೈ. ಎಂಟು-ನಾಲ್ಕು ಅಡಿ ಹಾಳೆಯಲ್ಲಿ ಒಂದೇ ಬೋರ್ಡು ಬರುತ್ತದೆ. ಎಲ್ಲ ತೂತು ಕೊರೆದ ಮೇಲೇ ಬಣ್ಣ. ಅಂಚಿಗೂ ತೂತಿನ ಒಳಗೋಡೆಗೂ ಎರಡು ಕೈ ಎಪಾಕ್ಸಿ, ಯಾಕೆಂದರೆ ನೀರು ಕುಡಿಯುವುದು ಅಲ್ಲಿಂದ. ಮುಖಕ್ಕೆ ಎಷ್ಟು ಬಳಿದರೂ ಅಂಚು ಬಿಟ್ಟರೆ ಎರಡನೇ ಮಳೆಗಾಲಕ್ಕೆ ಪದರ ಏಳುತ್ತದೆ. ಬಿಳಿ ಎನಾಮೆಲ್ ಮೇಲೆ ಕಪ್ಪು ಗೆರೆ, ಅಗಲ 50. ಹೊರಅಂಚಿಗೊಂದು ಚೌಕಟ್ಟು, ಒಳಗೆ 590 ಅಗಲ, 450 ಎತ್ತರದ ಆಯತ. ಆಯತದ ತಳದ ಗೆರೆಯ ಮೇಲಂಚು ಬೋರ್ಡಿನ ಕೆಳಅಂಚಿನಿಂದ 150, ಅಂದರೆ ಸರಿಯಾಗಿ ರಿಂಗಿನ ಮಟ್ಟ.

ರಿಂಗಿನ ನಾಲ್ಕು ಬೋಲ್ಟಿಗೆ ಬೋರ್ಡಿನಲ್ಲಿ 32 ಮಿ.ಮೀ. ತೂತು. ಅದರೊಳಗೆ 20 ಎನ್‌ಬಿ ಪೈಪಿನ, 22 ಮಿ.ಮೀ. ಉದ್ದದ ತುಂಡು, ಹೊರವ್ಯಾಸ 26.9, ಆದ್ದರಿಂದ ಬೋರ್ಡಿಗೆ ತಾಗದು. ಎಂ16 (16 ಮಿ.ಮೀ. ವ್ಯಾಸದ), 8.8 ಬಲದರ್ಜೆಯ ಬೋಲ್ಟು ಈ ತುಂಡುಗಳ ಮೂಲಕ ಹಾದು ಹಿಂದಿನ ತಗಡಿಗೆ. ಬೋರ್ಡು 19, ತುಂಡು 22, ಉಳಿದ 3 ಮಿ.ಮೀ. ಸಂದಿನಲ್ಲಿ ಬೆಳಕು ಕಾಣಬೇಕು. ನಾಲ್ಕೂ ತುಂಡನ್ನು ಲೇತಿನಲ್ಲಿ ಒಂದೇ ಉದ್ದಕ್ಕೆ ತಿರುಗಿಸಿ, ಅರ್ಧ ಮಿ.ಮೀ. ಹೆಚ್ಚುಕಡಿಮೆಯೂ ರಿಂಗಿನ ಮುಂಬದಿಯಲ್ಲಿ ಎರಡು ಮೂರು ಮಿ.ಮೀ. ಆಗಿ ಕಾಣುತ್ತದೆ. ಬೋರ್ಡನ್ನು ಚೌಕಟ್ಟಿಗೆ ಬಿಗಿಯಲು ಬೇರೆಯೇ ಎಂ10 ಬೋಲ್ಟುಗಳು, ಮುಂಬದಿಗೆ ತಲೆ ಹುದುಗಿದವು.

ಅಕ್ರಿಲಿಕ್ ಹಾಕುವವರು ಒಂದು ಲೆಕ್ಕ ಮಾಡಿಕೊಳ್ಳಿ. 1800 ಮಿ.ಮೀ. ಅಕ್ರಿಲಿಕ್ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 3.8 ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಚೌಕಟ್ಟು 0.65 ಮಾತ್ರ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಬಿಸಿಲಿನಲ್ಲಿರುವ ಹಾಳೆಗೆ ಇದು ದೂರದ ಮಾತಲ್ಲ. ಎಂ10 ಬೋಲ್ಟಿಗೆ 10.5ರ ತೂತು ಕೊರೆದರೆ ತೂತಿನಿಂದಲೇ ಬಿರುಕು ಏಳುತ್ತದೆ. 15 ಮಿ.ಮೀ. ತೂತು, ರಬ್ಬರ್ ವಾಷರ್, ಕೈಬಿಗಿಗಿಂತ ಸ್ವಲ್ಪ ಹೆಚ್ಚು ಬಿಗಿ, ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು.

ಏರಿಸಿ, ಭಾರ ಕಟ್ಟಿ

ಉಕ್ಕಿಗೆ ತಂತಿಬ್ರಷ್, ರೆಡ್ ಆಕ್ಸೈಡ್, ಎರಡು ಕೈ ಎನಾಮೆಲ್. ರಿಂಗಿಗೆ ಕಿತ್ತಳೆ ಬಣ್ಣದ ಪೌಡರ್ ಕೋಟಿಂಗ್. ಮಂಜು ಬಿದ್ದ ಬೆಳಿಗ್ಗೆ, ಮೋಡದ ಸಂಜೆ ಬಳಿಯಬೇಡಿ.

ಎಲ್ಲವನ್ನೂ ಏರಿಸಿ, ಬೋಲ್ಟುಗಳನ್ನು ಅರೆಬಿಗಿಯಲ್ಲಿಟ್ಟು ಮೂರು ಅಳತೆ. ಬೋರ್ಡಿನ ಮುಖದಿಂದ ಇಳಿಬಿಟ್ಟ ಗುಂಡು ಎಂಡ್‌ಲೈನಿನ (ಕೋರ್ಟಿನ ತುದಿಗೆರೆಯ) ಒಳಅಂಚಿನಿಂದ 1200 ಮಿ.ಮೀ. ಒಳಗೆ ನಿಲ್ಲಬೇಕು. ಅಲ್ಲಿಂದ ಫ್ರೀ ಥ್ರೋ ಗೆರೆಯ ದೂರದ ಅಂಚಿಗೆ 4600. ಇದು ಕೂಡದಿದ್ದರೆ ಬಹಳ ಸಲ ತಪ್ಪಿರುವುದು ನೆಲದ ಗೆರೆಯೇ. ಕೊನೆಗೆ ರಿಂಗಿನ ನಾಲ್ಕು ಬದಿಯ ಎತ್ತರ. ತೋಳನ್ನು 20 ಮಿ.ಮೀ. ಎತ್ತಿದ್ದರಿಂದ ರಿಂಗು ಹೆಚ್ಚು ಮೇಲೆ ಬಂದಿತ್ತು. ಸೀಳುಗಳಲ್ಲಿ ಚೌಕಟ್ಟನ್ನು ಇಳಿಸಿ 3050ಕ್ಕೆ ತಂದು, ಬೋರ್ಡಿನ ಉಳಿದ ಚೂರು ವಾಲಿಕೆಗೆ ಕೆಳಬೋಲ್ಟುಗಳ ಹಿಂದೆ ತೆಳು ತಗಡಿನ ವಾಷರ್ ಬೇಕಾದಷ್ಟು ಕೂರಿಸಿ ಸರಿಮಾಡಿದ್ದು.

ಪರೀಕ್ಷೆಗೆ ಹುಡುಗರನ್ನು ನೇತುಹಾಕಬೇಡಿ. ಸಿಮೆಂಟು ಚೀಲಕ್ಕೆ ಮರಳು ತುಂಬಿ, ತೂಗಿ, 100 ಕೆ.ಜಿ.ಯನ್ನು ರಿಂಗಿನ ಮುಂಬದಿಗೆ ಹಗ್ಗದಲ್ಲಿ ಕಟ್ಟಿ ಹತ್ತು ನಿಮಿಷ ಬಿಡಿ. ಅಡಿಯಲ್ಲಿ ಯಾರೂ ನಿಲ್ಲಬಾರದು. ಇಳಿಸಿದ ಮೇಲೆ ರಿಂಗು ಮೊದಲಿನ ಎತ್ತರಕ್ಕೆ 2 ಮಿ.ಮೀ. ಒಳಗೆ ಮರಳದಿದ್ದರೆ ಎಲ್ಲೋ ಬೋಲ್ಟು ಜಾರಿದೆ ಅಥವಾ ವೆಲ್ಡು ಬಿಟ್ಟಿದೆ. ಭಾರ ಕಟ್ಟಿರುವಾಗಲೂ ಆ 3 ಮಿ.ಮೀ. ಸಂದು ಮುಚ್ಚಬಾರದು.

ನೆಟ್ಟು 12 ಕುಣಿಕೆಯದು, ಉದ್ದ 400ರಿಂದ 450. ಬಿಸಿಲಿಗೆ ನೈಲಾನು ಪುಡಿಯಾಗುತ್ತದೆಂದು ಕೆಲವರು ಸರಪಳಿ ನೆಟ್ ಹಾಕಿಸುತ್ತಾರೆ. ಅದು ರಿಂಗಿನ ಬಣ್ಣ ಕೆರೆಯುತ್ತದೆ, ಚೆಂಡಿನ ಮೈಯನ್ನೂ. ವರ್ಷಕ್ಕೊಂದು ನೈಲಾನು ನೆಟ್ಟು ಅಗ್ಗ. ಕಂಬಕ್ಕೆ ನೆಲದಿಂದ 2150 ಮಿ.ಮೀ. ಎತ್ತರದವರೆಗೆ 100 ಮಿ.ಮೀ. ದಪ್ಪದ ಮೆತ್ತೆ ಎನ್ನುತ್ತದೆ ನಿಯಮ. ಟಾರ್ಪಾಲಿನ್ ಹೊದಿಸಿದ ಫೋಮ್ ನಡೆಯುತ್ತದೆ. ಬುಡದಲ್ಲಿ 100 ಮಿ.ಮೀ. ಖಾಲಿ ಬಿಡಿ, ನೀರಿನ ತೂತು ಮುಚ್ಚದಿರಲಿ.

ಎಂ16 ಬೋಲ್ಟುಗಳನ್ನು ಮೊದಲ ತಿಂಗಳ ಕೊನೆಗೊಮ್ಮೆ, ಆಮೇಲೆ ಮಳೆಗಾಲದ ಹಿಂದೆ ಮುಂದೆ ಬಿಗಿನೋಡಿ. ನಟ್ಟಿಗೂ ತಗಡಿಗೂ ಸೇರಿಸಿ ಒಂದು ಬಣ್ಣದ ಗೆರೆ ಎಳೆದಿಟ್ಟರೆ ಸಡಿಲವಾದದ್ದು ಕೆಳಗಿನಿಂದಲೇ ಗೊತ್ತಾಗುತ್ತದೆ. ಇನ್ನು ಕಾಲೇಜು ಡೇ ಬಂದಾಗ ಶಾಮಿಯಾನದ ಹಗ್ಗವನ್ನು ಈ ತೋಳಿಗೆ ಕಟ್ಟುವ ಅಭ್ಯಾಸವಿದೆ. ಗಾಳಿ ಹಿಡಿದ ಶಾಮಿಯಾನ ಅಡ್ಡಕ್ಕೆ ಎಳೆಯುತ್ತದೆ, ಈ ಕಂಬದ ಲೆಕ್ಕವೆಲ್ಲ ಮುಂದಕ್ಕೆ ಬೀಳುವ ಭಾರದ್ದು. ಅದಕ್ಕೆ ಕೋರ್ಟಿನಾಚೆ ಎರಡು ಗೂಟ ಹೊಡೆಸಿಕೊಡುವುದು ದುರಸ್ತಿಯ ಪಟ್ಟಿಯಲ್ಲೇ ಇರಲಿ.